ಜಠರದ ಕಿರುಚೀಲವೂ ಊಟದ ಪ್ರಮಾಣವೂ

ಸ್ಥೂಲಕಾಯದ ನಿವಾರಣೆಗಾಗಿ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡವರೂ ಅವರ ಮನೆಮಂದಿಯೂ ವೈದ್ಯರಲ್ಲಿ ಮೊದಲು ಕೇಳುವ ಪ್ರಶ್ನೆ, ಇನ್ನು ಮೇಲೆ ಎಷ್ಟು ಉಣ್ಣಬಹುದೆಂಬುದು. ಊಟದ ಅಳತೆಯನ್ನು ಮುದ್ದೆಯ ಲೆಕ್ಕದಲ್ಲಿ ಹೇಳುವ, ಮನೆಗೆ ಬಂದ ನೆಂಟರನ್ನು ‘ಇನ್ನರ್ಧ ಹಾಕಿಸ್ಕೊಳ್ಳಿ’ ಎಂದು ಒತ್ತಾಯಿಸದಿದ್ದರೆ ಮರ್ಯಾದೆಗೆ ಕುಂದೆಂದು ಭಾವಿಸುವ, ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿಯನ್ನೆಣಿಸದೆ ಒಟ್ಟಿಗೆ ಕುಳಿತು ಉಣ್ಣುವುದನ್ನೇ ದೈವಸೇವೆಯೆಂದು ಬಗೆದಿರುವ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಈ ಪ್ರಶ್ನೆ ಕೇವಲ ವೈದ್ಯಕೀಯವಾದುದಲ್ಲ. ದೊಡ್ಡ ನಗರದ ಆಸ್ಪತ್ರೆಯಲ್ಲಿ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದು ಸಂಖ್ಯೆ: ಉಳಿಸಿದ ಜಠರದ ಚೀಲ 15ರಿಂದ 30 ಮಿಲಿಲೀಟರ್. ಈ ಸಂಖ್ಯೆ ಹೇಗೆ ಹುಟ್ಟಿತು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ಅರಿಯಬೇಕಾದರೆ ಜಠರದ ಶಸ್ತ್ರವೈದ್ಯದ ಚರಿತ್ರೆಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಜಠರವನ್ನು ಕತ್ತರಿಸುವ ವಿದ್ಯೆ ಮೊದಲಿಗೆ ಬೊಜ್ಜಿಗಾಗಿ ಹುಟ್ಟಿದುದಲ್ಲ. 1881ರಲ್ಲಿ ವಿಯೆನ್ನಾ ನಗರದ ಥಿಯೋಡೋರ್ ಬಿಲ್ರೋತ್ ಅರ್ಬುದಪೀಡಿತವಾದ ಜಠರದ ಭಾಗವೊಂದನ್ನು ತೆಗೆದು ರೋಗಿಯನ್ನು ಉಳಿಸಿಕೊಂಡನು. ಮುಂದಿನ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೀಸರ್ ರೂ ಸಣ್ಣ ಕರುಳನ್ನು ತುಂಡರಿಸಿ, ಅದರ ಒಂದು ತುದಿಯನ್ನು ಜಠರಕ್ಕೂ ಮತ್ತೊಂದನ್ನು ಕೆಳಗಿನ ಕರುಳಿನ ಪಾರ್ಶ್ವಕ್ಕೂ ಹೊಲಿಯುವ, ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದ ಜೋಡಣೆಯನ್ನು ಬಳಕೆಗೆ ತಂದನು. ಇಪ್ಪತ್ತನೆಯ ಶತಮಾನದ ಬಹುಭಾಗ ಈ ವಿದ್ಯೆ ಹೆಚ್ಚಾಗಿ ಹುಣ್ಣಿನ ಚಿಕಿತ್ಸೆಗೆ ಬಳಕೆಯಾಗುತ್ತಿತ್ತು.

ಇಲ್ಲಿ ನಮ್ಮ ನಾಡಿನ ಅಧ್ಯಾಯವೊಂದು ಬರುತ್ತದೆ; ಈ ವಿಷಯವನ್ನು ಕುರಿತ ಬರಹಗಳಲ್ಲಿ ಇದಕ್ಕೆ ತಕ್ಕ ಸ್ಥಾನ ದೊರೆತಿಲ್ಲವೆಂದೇ ನನ್ನ ಅಭಿಪ್ರಾಯ. ದಕ್ಷಿಣ ಭಾರತದಲ್ಲಿ ಕರುಳಿನ ಮೊದಲ ಭಾಗದ ಹುಣ್ಣು ಅತಿ ವ್ಯಾಪಕವಾಗಿದ್ದ ಕಾಲದಲ್ಲಿ, ಅಂದರೆ 1950 ಮತ್ತು 60ರ ದಶಕಗಳಲ್ಲಿ, ಮೈಸೂರಿನ ಜನ ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಫ್ರಾಂಕ್ ಟೋವಿ ಎಂಬ ಆಂಗ್ಲ ಶಸ್ತ್ರವೈದ್ಯರಿದ್ದರು. ಹುಣ್ಣಿನ ರೋಗಿಗಳಿಗೆ ಚಿಕಿತ್ಸೆ ನೀಡುತ್ತ, ಅವರು ಯಾವ ಸೀಮೆಯವರು, ಏನು ಉಣ್ಣುವವರು ಎಂಬುದನ್ನು ತಾಳ್ಮೆಯಿಂದ ವಿಚಾರಿಸುತ್ತ ಹೋದ ಈ ಮಹನೀಯರು, ಅಕ್ಕಿ ಪ್ರಧಾನಾಹಾರವಾದ ಸೀಮೆಗಳಲ್ಲಿ ಈ ಹುಣ್ಣು ಹೆಚ್ಚೆಂದೂ, ಗೋಧಿ ಹಾಗೂ ಕೆಲವು ಕಿರುಧಾನ್ಯಗಳನ್ನುಣ್ಣುವ ಸೀಮೆಗಳಲ್ಲಿ ಕಡಿಮೆಯೆಂದೂ ಕಂಡರು. ಮುಂದೆ ತಮ್ಮ ಸಂಗಡಿಗರೊಡನೆ ನಡೆಸಿದ ಪ್ರಯೋಗಗಳಲ್ಲಿ ಹುರುಳಿಯ ಕೊಬ್ಬಿನಂಶಕ್ಕೆ ಇಲಿಗಳ ಜಠರವನ್ನು ಹುಣ್ಣಿನಿಂದ ಕಾಪಾಡುವ ಗುಣವಿದೆಯೆಂದು ತೋರಿಸಿದರು. ಸುವರ್ಣಾವತಿ ಹೊಳೆಯ ನೀರುಂಡು ಭತ್ತ ಬೆಳೆಯುವ ಯಳಂದೂರಿನ ಗದ್ದೆಬಯಲನ್ನೂ, ಮಳೆಯನ್ನೇ ನೆಚ್ಚಿ ರಾಗಿ, ಹುರುಳಿಗಳನ್ನು ಬಿತ್ತುವ ಹನೂರಿನ ಹೊಲಗಳನ್ನೂ ಕಂಡವರಿಗೆ, ಒಂದೇ ದಿನದ ಪ್ರಯಾಣದಲ್ಲಿ ಎರಡು ಆಹಾರಕ್ರಮಗಳನ್ನು ದಾಟಬಹುದಾದ ಈ ನಾಡು ಅಂತಹ ಜಿಜ್ಞಾಸೆಗೆ ಎಷ್ಟು ಒಗ್ಗುವಂತಹುದೆಂದು ತಿಳಿದೀತು. ಟೋವಿಯವರು ಇಂಗ್ಲೆಂಡಿಗೆ ಮರಳಿದ ಮೇಲೆ ಜಠರವನ್ನು ಕತ್ತರಿಸಿಕೊಂಡವರಲ್ಲಿ ಅನೇಕ ವರ್ಷಗಳ ತರುವಾಯ ಮೂಳೆ ಸವೆಯುವುದನ್ನೂ ಅಧ್ಯಯನ ಮಾಡಿದರು. ಇಂದಿನ ಬೈಪಾಸ್ ರೋಗಿಗಳಿಗೆ ಸುಣ್ಣದಂಶದ ಮಾತ್ರೆಯನ್ನು ಆಜೀವ ವಿಧಿಸುವ ಪದ್ಧತಿಯ ಹಿಂದೆ ಇಂತಹ ಹುಣ್ಣಿನ ರೋಗಿಗಳ ಮೂಳೆಗಳು ಕಲಿಸಿದ ಪಾಠವಿದೆ.

ಬೊಜ್ಜಿನ ಕಡೆಗೆ ಈ ವಿದ್ಯೆಯನ್ನು ತಿರುಗಿಸಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್. ಹುಣ್ಣಿಗಾಗಿ ಜಠರದ ಬಹುಭಾಗವನ್ನು ಕಳೆದುಕೊಂಡ ಸ್ತ್ರೀಯರು ತೂಕವಿಳಿದು, ಮತ್ತೆ ಅದನ್ನು ಗಳಿಸಲು ಕಷ್ಟಪಡುತ್ತಿದ್ದುದನ್ನು ಗಮನಿಸಿದ ಅವರು, ಒಬ್ಬರಿಗೆ ಬಾಧೆಯಾದುದು ಇನ್ನೊಬ್ಬರಿಗೆ ಚಿಕಿತ್ಸೆಯಾಗಬಹುದಲ್ಲವೆ ಎಂದು ಯೋಚಿಸಿ, 1966ರಲ್ಲಿ ಚಿಕಾಶಿ ಇಟೋ ಅವರೊಡಗೂಡಿ ಜಠರದ ಮೇಲ್ಭಾಗವನ್ನು ಅಡ್ಡಲಾಗಿ ಬೇರ್ಪಡಿಸಿ ಅದಕ್ಕೆ ಸಣ್ಣ ಕರುಳನ್ನು ಹೊಲಿದರು. ಅದಕ್ಕೆ ಮುಂಚೆ, 1954ರಿಂದ, ಜಠರವನ್ನು ಮುಟ್ಟದೆ ಕರುಳನ್ನಷ್ಟೇ ಗಿಡ್ಡವಾಗಿಸುವ ಕ್ರಮವೊಂದು ನಡೆದಿತ್ತು. ಯಕೃತ್ತಿನ ವೈಫಲ್ಯ, ಮೂತ್ರಪಿಂಡದ ಕಲ್ಲು ಮೊದಲಾದ ಘೋರ ಪರಿಣಾಮಗಳಿಂದ ಅದು ಕ್ರಮೇಣ ಕೈಬಿಟ್ಟುಹೋಯಿತು.

ಮೇಸನ್ನರ ಮೊದಲ ಚೀಲ ಇಂದಿನ ದೃಷ್ಟಿಗೆ ದೊಡ್ಡದೇ: 100ರಿಂದ 150 ಮಿಲಿಲೀಟರ್. ಅಷ್ಟು ದೊಡ್ಡ ಚೀಲದಲ್ಲಿ ಆಮ್ಲವನ್ನು ಸ್ರವಿಸುವ ಒಳಪೊರೆ ಬೇಕಾದಷ್ಟಿರುವುದರಿಂದ ಹೊಲಿಗೆಯ ಬಳಿ ಹುಣ್ಣು ಕಾಣಿಸಿಕೊಳ್ಳತೊಡಗಿತು. ತೂಕವೂ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಆದುದರಿಂದ 1975ರ ಹೊತ್ತಿಗೆ ಅವರು ಚೀಲ 50 ಮಿಲಿಲೀಟರನ್ನು ಮೀರಕೂಡದು, ಅದು ಕರುಳಿಗೆ ತೆರೆಯುವ ಬಾಯಿ ಸುಮಾರು 12 ಮಿಲಿಮೀಟರ್ ಇರತಕ್ಕದ್ದು ಎಂಬ ನಿಯಮಕ್ಕೆ ಬಂದರು. ಶಸ್ತ್ರಕ್ರಿಯೆಯ ನಡುವೆಯೇ ನಿಯಮಿತ ಒತ್ತಡದಲ್ಲಿ ನೀರು ತುಂಬಿಸಿ ಚೀಲವನ್ನು ಅಳೆಯುವ ಕ್ರಮ ಬಂದುದೂ ಈ ದಶಕದಲ್ಲಿಯೇ. 1977ರಲ್ಲಿ ವಾರ್ಡ್ ಗ್ರಿಫನ್ ಎಂಬವರು ಸೀಸರ್ ರೂ ಅವರ ಹಳೆಯ ಜೋಡಣೆಯನ್ನು ಇದಕ್ಕೆ ಅಳವಡಿಸಿದರು. ಪಿತ್ತರಸ ಚೀಲದೊಳಕ್ಕೆ ಹಿಮ್ಮರಳುವ ತೊಂದರೆ ಅದರಿಂದ ತಪ್ಪಿತು. ಹಿಗ್ಗುವ ಸ್ವಭಾವ ಹೆಚ್ಚಾಗಿರುವ ಮೇಲಿನ ಗುಮ್ಮಟದಂತಹ ಭಾಗವನ್ನು ಹೊರಗಿಟ್ಟು, ಜಠರದ ಒಳಬಾಗಿನ ಗುಂಟ ನೀಳವಾದ ಚೀಲವನ್ನು ರಚಿಸುವ ಪದ್ಧತಿ 1980ರ ದಶಕದಲ್ಲಿ ಬಂದಿತು. 1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಎಂಬವರು ಉದರದರ್ಶಕ ಯಂತ್ರದ ಮೂಲಕ ಇದನ್ನೆಲ್ಲ ಸಾಧಿಸಬಹುದೆಂದು ಪ್ರಕಟಿಸಿದ ಮೇಲೆ ಇದು ಲೋಕವ್ಯಾಪಿಯಾಯಿತು. ಚೀಲ 30 ಮಿಲಿಲೀಟರಿಗೆ ಇಳಿಯಿತು, ಕೆಲವರ ಕೈಯಲ್ಲಿ 15ಕ್ಕೂ. ನಮ್ಮ ಮನೆಗಳಲ್ಲಿ ಹಸುಗೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಹಿಡಿಯುವಷ್ಟು, ಸುಮಾರಾಗಿ.

ಇಷ್ಟಾದರೂ, ಚೀಲ ಸಣ್ಣದಾದಂತೆಲ್ಲ ತೂಕ ಅದೇ ಪ್ರಮಾಣದಲ್ಲಿ ಇಳಿಯುವುದೆಂಬ ನಂಬಿಕೆಯನ್ನು ಮುಂದಿನ ಅನುಭವ ಸಮರ್ಥಿಸಲಿಲ್ಲ. 1995ರಲ್ಲಿ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು ಬೈಪಾಸ್ ಆದವರಲ್ಲಿ ಬಹುಪಾಲು ಜನರ ಮಧುಮೇಹ ತಹಬಂದಿಗೆ ಬಂದುದನ್ನು ವರದಿ ಮಾಡಿದರು. ಅದು ತೂಕವಿಳಿಯುವುದಕ್ಕೂ ಮೊದಲೇ, ಕೆಲವೇ ದಿನಗಳಲ್ಲಿ ಆಗುವುದುಂಟು. 1999ರಲ್ಲಿ ಕಂಡುಹಿಡಿಯಲ್ಪಟ್ಟ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಬೈಪಾಸ್ ಆದವರಲ್ಲಿ ಬಹಳ ತಗ್ಗಿರುವುದನ್ನು 2002ರಲ್ಲಿ ಕಮಿಂಗ್ಸ್ ಮತ್ತಿತರರೂ, ತೃಪ್ತಿಯನ್ನುಂಟುಮಾಡುವ ಕರುಳಿನ ಹಾರ್ಮೋನುಗಳು ಊಟದ ತರುವಾಯ ಏರುವುದನ್ನು 2006ರಲ್ಲಿ ಲೆ ರೂ ಮತ್ತಿತರರೂ ತೋರಿಸಿದರು. ಆಹಾರ ಬೇಗನೆ ಕೆಳಗಿನ ಕರುಳನ್ನು ಮುಟ್ಟುವುದರಿಂದ ಅಲ್ಲಿಂದ ಮೆದುಳಿಗೆ ಹೋಗುವ ಸಂದೇಶವೇ ಬದಲಾಗುತ್ತದೆ. ಚೀಲವಾದರೋ ಜೀವಂತ ಅಂಗ. ಕಾಲಕ್ರಮದಲ್ಲಿ ಹಿಗ್ಗುವುದು ಅದರ ಸಹಜಧರ್ಮ. ಒಂದು ವರ್ಷ ಕಳೆಯುವಷ್ಟರಲ್ಲಿ ಪ್ರತಿ ಊಟಕ್ಕೆ ಒಂದು ಬಟ್ಟಲಿನಷ್ಟು, ಎಂದರೆ 200ರಿಂದ 250 ಮಿಲಿಲೀಟರಿನಷ್ಟು, ಆಹಾರ ಸಲ್ಲುವುದು ಸಾಮಾನ್ಯ. ಇದನ್ನು ಮೊದಲೇ ತಿಳಿಸದಿರುವುದರಿಂದ ಎಷ್ಟೋ ಮಂದಿ ತಮ್ಮ ಚೀಲ ಹರಿದುಹೋಯಿತೆಂದೋ, ತಾವೇ ಅದನ್ನು ಕೆಡಿಸಿಕೊಂಡೆವೆಂದೋ ಅನವಶ್ಯಕವಾಗಿ ನೋಯುತ್ತಾರೆ. ಈ ನೋವನ್ನು ತಪ್ಪಿಸುವುದು ಶಸ್ತ್ರಕ್ರಿಯೆಯಷ್ಟೇ ಮುಖ್ಯವಾದ ಕರ್ತವ್ಯವೆಂದು ನಾನು ತಿಳಿಯುತ್ತೇನೆ.

ಇನ್ನು ನಮ್ಮ ಸೀಮೆಯ ತಟ್ಟೆಯ ವಿಚಾರ. ಶಸ್ತ್ರಕ್ರಿಯೆಯ ತರುವಾಯ ಮೊದಲ ಎರಡು ವಾರ ನೀರಾದ ಆಹಾರ, ಆಮೇಲೆ ನುಣ್ಣಗೆ ಅರೆದುದು, ಅದರ ನಂತರ ಮೆತ್ತಗಿನದು, ಸುಮಾರು ಎರಡು ತಿಂಗಳ ಹೊತ್ತಿಗೆ ಸಾಮಾನ್ಯ ಊಟ. ಇದು ಬಹುತೇಕ ಎಲ್ಲೆಡೆಯೂ ಇರುವ ಕ್ರಮ. ಊಟದೊಡನೆ ನೀರು ಕುಡಿಯಬಾರದು, ಅರ್ಧ ಗಂಟೆ ಅಂತರವಿರಬೇಕು, ತುತ್ತನ್ನು ಚೆನ್ನಾಗಿ ಅಗಿಯಬೇಕು ಎಂಬುದೂ ಎಲ್ಲರಿಗೂ ಹೇಳುವ ಮಾತೇ. ಆದರೆ ರಾಗಿಮುದ್ದೆ ಅಗಿಯುವ ಆಹಾರವಲ್ಲ. ಅದನ್ನು ಮುರಿದು, ಉಪ್ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ನುಂಗುವುದನ್ನು ಇಲ್ಲಿನ ಮಕ್ಕಳು ಬಾಲ್ಯದಲ್ಲೇ ಕಲಿಯುತ್ತಾರೆ. ಒಂದು ಮುದ್ದೆ 200 ಗ್ರಾಮಿಗೂ ಮೀರುವುದುಂಟು. ಅದರ ತುತ್ತು ಜಿಗುಟಾಗಿ, ಚೀಲದ 12 ಮಿಲಿಮೀಟರಿನ ಬಾಯಿಯಲ್ಲಿ ಸಿಕ್ಕಿಕೊಂಡರೆ ಎದೆ ಹಿಡಿದಂತಾಗಿ ವಾಂತಿಯಲ್ಲಿ ಪರ್ಯವಸಾನವಾಗುತ್ತದೆ. ಆದುದರಿಂದ ಮೊದಲ ತಿಂಗಳುಗಳಲ್ಲಿ ಮುದ್ದೆಯ ಬದಲು ತೆಳುವಾದ ರಾಗಿ ಅಂಬಲಿಯನ್ನೂ, ಹುರುಳಿ ಕಟ್ಟನ್ನೂ, ಬೇಯಿಸಿ ಮಸೆದ ಬೇಳೆಯನ್ನೂ, ಮೊಟ್ಟೆಯನ್ನೂ, ಗಟ್ಟಿ ಮೊಸರನ್ನೂ ವಿಧಿಸುವುದು ಯುಕ್ತ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿರುವುದು ಗುಣವೇ ಸರಿ. ಆದರೆ ದಿನಕ್ಕೆ ಬೇಕಾದ 60 ಗ್ರಾಂ ಅಥವಾ ಅದಕ್ಕೂ ಹೆಚ್ಚಿನ ಪ್ರೋಟೀನನ್ನು ಅಂಬಲಿ ಒದಗಿಸಲಾರದು. ಆದ್ದರಿಂದ ಬಟ್ಟಲಿನಲ್ಲಿ ಮೊದಲು ಕಾಳು, ಮೊಟ್ಟೆ, ಮಾಂಸಗಳು, ಆಮೇಲೆ ತರಕಾರಿ, ಕೊನೆಗೆ ಧಾನ್ಯ. ಧಾನ್ಯವನ್ನೇ ಊಟವೆಂದೂ ಉಳಿದುದನ್ನು ನಂಚಿಕೆಯೆಂದೂ ಬಗೆದ ನಮ್ಮ ಅಭ್ಯಾಸವನ್ನು ಇದು ಪೂರಾ ತಲೆಕೆಳಗು ಮಾಡುತ್ತದೆ. ಹಬ್ಬದ ಪಾಯಸ, ಕಜ್ಜಾಯಗಳ ವಿಷಯದಲ್ಲಂತೂ ಎಚ್ಚರ ಹೆಚ್ಚು ಬೇಕು: ಆಹಾರದ ಹಾದಿಯಲ್ಲಿ ಜಠರದ ಕೆಳಬಾಗಿಲು ಇಲ್ಲದಿರುವುದರಿಂದ ಸಕ್ಕರೆ ನೇರವಾಗಿ ಕರುಳಿಗಿಳಿದು, ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ತಲೆಸುತ್ತುಗಳನ್ನು ತರಬಹುದು.

ಇನ್ನೊಂದು ಅಂಶ, ಎಲ್ಲಕ್ಕಿಂತ ದೀರ್ಘಕಾಲದ್ದು. ಆಹಾರ ಜಠರದ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದೆ ಹೋಗುವುದರಿಂದ ಕಬ್ಬಿಣ, ಸುಣ್ಣ, ಬಿ12, ಥಯಾಮಿನ್‌ಗಳ ಕೊರತೆ ವರ್ಷಗಳ ತರುವಾಯವೂ ಬರಬಹುದು. ಹನೂರಿನ ಹೆಣ್ಣುಮಗಳೊಬ್ಬಳು ಶಸ್ತ್ರಕ್ರಿಯೆಯಾದ ಐದನೆಯ ವರ್ಷದಲ್ಲಿ ಆಯಾಸವೆಂದು ತಾಲ್ಲೂಕು ಆಸ್ಪತ್ರೆಗೆ ಬಂದರೆ, ಅಲ್ಲಿನ ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆ ಹೊಟ್ಟೆಯ ಮೇಲಿನ ಆ ಸಣ್ಣ ಗಾಯದ ಗುರುತುಗಳ ಬಗ್ಗೆಯೇ. ಬಿಡುಗಡೆಯ ಚೀಟಿಯಲ್ಲಿ ಯಾವ ಬಗೆಯ ಬೈಪಾಸ್, ಎಂದು ನಡೆಯಿತು, ವರ್ಷಕ್ಕೊಮ್ಮೆ ಯಾವ ಯಾವ ರಕ್ತಪರೀಕ್ಷೆಗಳಾಗಬೇಕು ಎಂಬುದನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದರೆ, ಆ ಪ್ರಶ್ನೆಗೆ ಉತ್ತರ ಆಕೆಯ ಕೈಯಲ್ಲಿಯೇ ಇರುತ್ತದೆ.