ಹುಳಿಯಿಲ್ಲದ ಅಪ್ಪ: ಮಲೆನಾಡಿನಲ್ಲಿ ಪೆಸಹಾ ರಾತ್ರಿ



ಒಂದು ಜನಾಂಗದ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಶಾಸನದಿಂದಲೋ ದೇವಾಲಯದಿಂದಲೋ ಆರಂಭಿಸುವುದು ವಾಡಿಕೆ. ಈ ಹೊತ್ತು ನಾನು ಅಡಿಗೆಯ ಮನೆಯಿಂದ ಆರಂಭಿಸಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇನೆ. ತಾಮ್ರಪಟದಲ್ಲಿ ಕೊರೆಯದೆ ಬಿಟ್ಟ ಸಂಗತಿಗಳನ್ನು ಕೆಲವು ವೇಳೆ ಹಬೆಯ ಪಾತ್ರೆಯು ಕಾಪಾಡಿಟ್ಟಿರುತ್ತದೆ. ಅಂಥದೊಂದು ಪಾತ್ರೆಯ ಕಥೆಯೇ ಇಂದಿನ ವಿಷಯ.

ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ ತಾಲ್ಲೂಕಿನಲ್ಲಿ ಕಡಹಿನಬೈಲು ಎಂಬ ಗ್ರಾಮವುಂಟು. ಗುಡ್ಡಗಳ ನಡುವಣ ತಗ್ಗಿನ ಗದ್ದೆಗೆ ಮಲೆನಾಡಿನವರು ಬೈಲೆನ್ನುವರು. ತಾಲ್ಲೂಕಿನ ಕೇಂದ್ರಕ್ಕೆ ಮೊದಲು ಎಡೇಹಳ್ಳಿಯೆಂದು ಹೆಸರಿದ್ದಿತು. ಮೈಸೂರಿನ ಯುವರಾಜರಾಗಿದ್ದ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಆಮೇಲೆ ಅದಕ್ಕಿಟ್ಟರು. ಈ ಸೀಮೆಗೆ ಅನೇಕ ಮತಗಳ ಸಹವಾಸವು ಹೊಸದಲ್ಲ. ಪಟ್ಟಣದ ಮಗ್ಗುಲಲ್ಲಿಯೇ ಜ್ವಾಲಾಮಾಲಿನಿಯ ಆರಾಧನೆಗೆ ಹೆಸರಾದ ಸಿಂಹನಗದ್ದೆಯ ಜೈನಕ್ಷೇತ್ರವಿದೆ. ಬಾಳೆಹೊನ್ನೂರಿನಲ್ಲಿ ರಂಭಾಪುರಿಯ ವೀರಶೈವ ಪೀಠವಿದೆ. ನೆರೆಯ ತಾಲ್ಲೂಕಿನಲ್ಲಿ ಶೃಂಗೇರಿಯ ಶಾರದಾಪೀಠವಿದೆ. ಇಪ್ಪತ್ತನೆಯ ಶತಮಾನದ ನಡುಗಾಲದಿಂದ ಈ ನೆರೆಹೊರೆಗೆ ಇನ್ನೊಂದು ಸಮುದಾಯವು ಬಂದು ಸೇರಿತು. ಅವರು ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರು.

ಅವರು ಬಂದ ದಾರಿಯನ್ನು ಸಂಕ್ಷೇಪವಾಗಿ ನೋಡೋಣ. ತಿರುವಾಂಕೂರಿನ ಮಧ್ಯಭಾಗದಲ್ಲಿ ಜನಸಂಖ್ಯೆ ಹೆಚ್ಚಿ ಭೂಮಿ ತುಂಡುತುಂಡಾದಾಗ, ೧೯೨೦ರ ದಶಕದಿಂದ ಒಕ್ಕಲು ಕುಟುಂಬಗಳು ಉತ್ತರದ ಮಲಬಾರಿನ ಕಾಡುಗಳಿಗೆ ಹೊರಟವು. ಮುಂದೆ ಬಂದ ಆರ್ಥಿಕ ಮುಗ್ಗಟ್ಟೂ ಎರಡನೆಯ ಮಹಾಯುದ್ಧದ ಕಾಲದ ಅನ್ನದ ಅಭಾವವೂ ಈ ವಲಸೆಯನ್ನು ಹೆಚ್ಚಿಸಿದುವು. ಮಲಬಾರಿನಲ್ಲಿಯೂ ಭೂಮಿಯ ಬೆಲೆ ಏರಿದ ಬಳಿಕ ಕೆಲವರು ಘಟ್ಟವನ್ನು ಹತ್ತಿ ಮಲೆನಾಡಿಗೆ ಬಂದರು. ಅದೇ ಸುಮಾರಿಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದಾಗಿ ಈ ಸೀಮೆಯ ಎಷ್ಟೋ ಗದ್ದೆ ತೋಟಗಳು ನೀರಿನಲ್ಲಿ ಮುಳುಗಿ, ಹಳೆಯ ಒಕ್ಕಲುಗಳು ತಮ್ಮ ನೆಲವನ್ನು ಬಿಟ್ಟು ಹೊರಡಬೇಕಾಯಿತು. ಹೀಗೆ ನೆಲವನ್ನು ಕಳೆದುಕೊಂಡವರೂ ನೆಲವನ್ನು ಅರಸಿ ಬಂದವರೂ ಒಂದೇ ಕಾಲದಲ್ಲಿ ಒಂದೇ ದಾರಿಯಲ್ಲಿ ಎದುರಾದರು. ಬಂದವರು ಮರಗೆಣಸು, ಶುಂಠಿ, ಮೆಣಸು, ರಬ್ಬರುಗಳನ್ನು ಬೆಳೆದರು.

ಅವರೊಡನೆ ಬಂದ ಹಬ್ಬಗಳಲ್ಲಿ ಮುಖ್ಯವಾದುದು ವಸಂತಕಾಲದ ಈಸ್ಟರ್. ಕ್ರಿಸ್ತನ ಪುನರುತ್ಥಾನವನ್ನು ಸ್ಮರಿಸುವ ಈ ಹಬ್ಬಕ್ಕೆ ನಿಶ್ಚಿತವಾದ ತಾರೀಖಿಲ್ಲ. ೩೨೫ನೆಯ ಇಸವಿಯಲ್ಲಿ ನೈಸೀಯ ನಗರದಲ್ಲಿ ಸೇರಿದ ಧರ್ಮಾಧ್ಯಕ್ಷರು ಎಲ್ಲ ಕ್ರೈಸ್ತರೂ ಒಂದೇ ಭಾನುವಾರ ಇದನ್ನು ಆಚರಿಸತಕ್ಕದ್ದೆಂದು ನಿರ್ಣಯಿಸಿದರು. ವಸಂತ ವಿಷುವದ ಮೇಲೆ ಬರುವ ಹುಣ್ಣಿಮೆಯು ಕಳೆದ ಮೊದಲನೆಯ ಭಾನುವಾರವೆಂಬುದು ರೂಢಿಯಲ್ಲಿ ನಿಂತ ಲೆಕ್ಕ. ಆದುದರಿಂದ ಹಬ್ಬವು ಮಾರ್ಚಿ ೨೨ಕ್ಕೂ ಏಪ್ರಿಲ್ ೨೫ಕ್ಕೂ ನಡುವೆ ಬೀಳುತ್ತದೆ. ನಮ್ಮ ಯುಗಾದಿಗೆ ನೆರೆಯ ಹಬ್ಬವಾಗುತ್ತದೆ.

ಹಬ್ಬಕ್ಕೆ ಮೊದಲು ಸಿರಿಯನ್ ಕ್ರೈಸ್ತರಲ್ಲಿ ಐವತ್ತು ದಿನಗಳ ದೊಡ್ಡ ಉಪವಾಸವುಂಟು. ನಿಷ್ಠೆಯುಳ್ಳವರು ಈ ಅವಧಿಯಲ್ಲಿ ಮಾಂಸ ಮೀನು ಮೊಟ್ಟೆಗಳನ್ನು ಬಿಡುವರು. ಕೆಲವರು ಹಾಲನ್ನೂ ಬಿಡುವರು. ಗರಿಗಳ ಭಾನುವಾರದ ಹಿಂದಿನ ದಿನ ಕೊಳುಕ್ಕಟ್ಟ ಶನಿವಾರ. ಕೊಳುಕ್ಕಟ್ಟವೆಂದರೆ ಅಕ್ಕಿಹಿಟ್ಟಿನ ಉಂಡೆಯೊಳಗೆ ಕಾಯಿತುರಿ ಬೆಲ್ಲಗಳ ಹೂರಣವನ್ನಿಟ್ಟು ಹಬೆಯಲ್ಲಿ ಬೇಯಿಸಿದ ಭಕ್ಷ್ಯ. ನಮ್ಮ ಕಡುಬನ್ನು ಬಲ್ಲವರಿಗೆ ಇದನ್ನು ವರ್ಣಿಸಬೇಕಾದುದಿಲ್ಲ. ಪಸ್ಕ ಹಬ್ಬಕ್ಕೆ ಆರು ದಿನ ಮುಂಚೆ ಬೇಥಾನ್ಯದಲ್ಲಿ ಯೇಸುವಿಗೆ ಔತಣವಾಯಿತೆಂದೂ ಮಾರ್ಥಳು ಬಡಿಸಿದಳೆಂದೂ ಸುವಾರ್ತೆಯಲ್ಲಿದೆ. ಆ ಔತಣದ ನೆನಪು ಈ ಕಡುಬಿನಲ್ಲಿದೆಯೆಂದು ಹೇಳುವರು. ಮರುದಿನ ಇಗರ್ಜಿಯಲ್ಲಿ ಎಳೆಯ ತೆಂಗಿನ ಗರಿಗಳನ್ನು ಆಶೀರ್ವದಿಸಿ ಹಂಚುತ್ತಾರೆ. ಆ ಗರಿಯನ್ನು ಮನೆಯಲ್ಲಿ ಜೋಪಾನವಾಗಿಡುವರು. ಗುರುವಾರ ಅದರಿಂದ ಕೆಲಸವುಂಟು.

ಆ ಗುರುವಾರವೇ ಪೆಸಹಾ. ಕನ್ನಡ ಬೈಬಲಿನ ಪಸ್ಕವೂ ಮಲಯಾಳದ ಪೆಸಹಾವೂ ಮೂಲದಲ್ಲಿ ಒಂದೇ ಮಾತು. ದಾಟಿಹೋಗುವುದೆಂಬ ಅರ್ಥದ ಹೀಬ್ರೂ ಪದವು ಗ್ರೀಕಿನ ದಾರಿಯಿಂದ ಒಂದು ರೂಪವನ್ನೂ ಸಿರಿಯಾಕಿನ ದಾರಿಯಿಂದ ಇನ್ನೊಂದು ರೂಪವನ್ನೂ ತಾಳಿ ನಮ್ಮ ದೇಶಕ್ಕೆ ಬಂದಿದೆ. ಐಗುಪ್ತದ ದಾಸ್ಯದಿಂದ ಇಸ್ರಾಯೇಲರು ಹೊರಟ ರಾತ್ರಿ ಹಿಟ್ಟು ಹುಳಿಯೇರಲು ವ್ಯವಧಾನವಿರಲಿಲ್ಲ. ಹುಳಿಯಿಲ್ಲದ ರೊಟ್ಟಿಯನ್ನೇ ತೆಗೆದುಕೊಂಡು ಹೊರಟರು. ಆ ರಾತ್ರಿಯ ಸ್ಮರಣೆಯ ಹಬ್ಬದಲ್ಲಿಯೇ ಯೇಸುವು ಶಿಷ್ಯರೊಡನೆ ಕಡೆಯ ಊಟವನ್ನು ಮಾಡಿದನೆಂದು ಸುವಾರ್ತೆಗಳು ಹೇಳುತ್ತವೆ.

ಗುರುವಾರದ ಅಪ್ಪವು ನಮ್ಮ ಚೌತಿಯ ಕರಿದ ಅಪ್ಪವಲ್ಲ. ಅಕ್ಕಿಯ ಹಿಟ್ಟಿಗೆ ನೆನೆಸಿ ರುಬ್ಬಿದ ಉದ್ದನ್ನೂ ಕಾಯಿಯನ್ನೂ ಕೂಡಿಸಿ, ಜೀರಿಗೆ ಚಿಕ್ಕ ಈರುಳ್ಳಿ ಬೆಳ್ಳುಳ್ಳಿಗಳನ್ನು ಅರೆದು ಸೇರಿಸಿ, ಕಲಸಿದ ಹಿಟ್ಟು ಹುದುಗುವುದಕ್ಕೆ ಮುಂಚೆಯೇ ತಟ್ಟೆಗೆ ಹೊಯ್ದು ಹಬೆಯಲ್ಲಿಡುವರು. ಬೇರೆ ದಿನಗಳಲ್ಲಿ ಕೇರಳದ ಅಪ್ಪಕ್ಕೆ ಕಳ್ಳನ್ನು ಹಾಕಿ ಉಬ್ಬಿಸುವ ವಾಡಿಕೆಯಿದೆ. ಈ ದಿನ ಅದು ನಿಷಿದ್ಧ. ಹಿಟ್ಟಿನ ಮೇಲೆ ಗರಿಯ ಎರಡು ಸೀಳುಗಳನ್ನು ಶಿಲುಬೆಯಾಕಾರವಾಗಿ ಇಡುವರು. ಇದಕ್ಕೆ ಇಂಡ್ರಿಯಪ್ಪವೆಂದು ಹೆಸರು. ಶಿಲುಬೆಯ ಮೇಲಣ ಬರಹದ ನಾಲ್ಕು ಲ್ಯಾಟಿನ್ ಅಕ್ಷರಗಳಿಂದ ಈ ಹೆಸರು ಬಂದಿತೆಂದು ಹೇಳುವರು. ಇದರ ಜೊತೆಗೆ ಪಾಲು, ಎಂದರೆ ಹಾಲು. ತೆಂಗಿನ ಕಾಯಿಯ ಹಾಲಿನಲ್ಲಿ ಬೆಲ್ಲವನ್ನು ಕರಗಿಸಿ, ಏಲಕ್ಕಿ ಒಣಶುಂಠಿಗಳನ್ನು ಹಾಕಿ, ತುಸು ಅಕ್ಕಿಹಿಟ್ಟಿನಿಂದ ಗಟ್ಟಿಮಾಡಿದ ಪಾನಕವದು.

ರಾತ್ರಿ ಇಗರ್ಜಿಯ ಪೂಜೆ ಮುಗಿದ ಮೇಲೆ ಮನೆಯವರೆಲ್ಲರೂ ದೀಪದೆದುರು ಕೂಡುವರು. ಪ್ರಾರ್ಥನೆಯಾಗಿ ವೇದಪಾಠವಾದ ಬಳಿಕ ಮನೆಯ ಹಿರಿಯನು ಅಪ್ಪವನ್ನು ಕೊಯ್ದು ಹಾಲಿನೊಡನೆ ವಯಸ್ಸಿನ ಕ್ರಮದಲ್ಲಿ ಒಬ್ಬೊಬ್ಬರಿಗೆ ಕೊಡುವನು. ಎರಡು ಕೈಗಳನ್ನೊಡ್ಡಿ ತೆಗೆದುಕೊಳ್ಳುವರು. ಈ ವಿಧಿಗೆ ಪಾದ್ರಿಯು ಬೇಡ, ಪೀಠವು ಬೇಡ. ಯೆಹೂದ್ಯರಲ್ಲಿ ಪಸ್ಕವು ಇಂದಿಗೂ ಮನೆಯ ಯಜಮಾನನು ನಡೆಸುವ ವಿಧಿಯೇ ಆಗಿದೆ. ಕ್ರೈಸ್ತ ಪ್ರಪಂಚದ ಬಹುಭಾಗದಲ್ಲಿ ಈ ಸ್ಮರಣೆಯು ಇಗರ್ಜಿಯೊಳಕ್ಕೆ ಹೋಗಿ ನಿಂತಿತು. ಕೇರಳದ ಈ ಜನರಲ್ಲಿ ಮಾತ್ರ ಇಗರ್ಜಿಯಲ್ಲಿದ್ದೂ ಮನೆಯಲ್ಲಿಯೂ ಉಳಿಯಿತು.

ಉಳಿದುದರ ಬೆಲೆಯು ಅವರ ಚರಿತ್ರೆಯಿಂದ ತಿಳಿಯುತ್ತದೆ. ೮೪೯ರಲ್ಲಿ ಕೊಲ್ಲಂ ನಗರದ ಇಗರ್ಜಿಗೆ ತಾಮ್ರಪಟಗಳ ಮೂಲಕ ದತ್ತಿಯು ದೊರೆತುದರಿಂದ ಆಗಲೇ ಅವರು ನೆಲೆಯೂರಿದ್ದರೆಂಬುದು ಸ್ಪಷ್ಟ. ೧೫೯೯ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಸಿಸನು ಉದಯಂಪೇರೂರಿನಲ್ಲಿ ಸಭೆಯನ್ನು ಸೇರಿಸಿ, ಅವರ ಸಿರಿಯಾಕ್ ಸಂಪ್ರದಾಯವನ್ನು ರೋಮಿನ ಪದ್ಧತಿಗೆ ಒಗ್ಗಿಸಲು ಯತ್ನಿಸಿದನು. ಅಸಮಾಧಾನವು ಬೆಳೆದು ೧೬೫೩ರ ಜನವರಿ ೩ರಂದು ಮಟ್ಟಾಂಚೇರಿಯಲ್ಲಿ ಕೂನನ್ ಶಿಲುಬೆಯ ಪ್ರತಿಜ್ಞೆಯಾಯಿತು. ಮುಂದೆ ಸಮುದಾಯವೇ ಪಂಗಡಗಳಾಗಿ ಒಡೆಯಿತು. ಪೂಜೆಯ ಭಾಷೆಗಾಗಿ ವ್ಯಾಜ್ಯವಾಯಿತು, ಬಿಷಪ್ಪರ ಅಧಿಕಾರಕ್ಕಾಗಿ ವ್ಯಾಜ್ಯವಾಯಿತು, ಇಗರ್ಜಿಯ ಬೀಗದ ಕೈಗಾಗಿಯೂ ವ್ಯಾಜ್ಯವಾಯಿತು. ಗುರುವಾರದ ಅಪ್ಪವು ಮಾತ್ರ ಕಥೋಲಿಕರ ಮನೆಯಲ್ಲಿಯೂ ಯಾಕೋಬಾಯರ ಮನೆಯಲ್ಲಿಯೂ ಬೇಯುತ್ತಲೇ ಬಂದಿದೆ.

ಇನ್ನು ಮರುದಿನದ ಶುಭ ಶುಕ್ರವಾರ. ಅಂದು ಹಾಗಲಕಾಯಿಯ ಕಹಿರಸವನ್ನು ಇಗರ್ಜಿಯಲ್ಲಿ ಕೊಡುವ ರೂಢಿಯುಂಟು. ಶಿಲುಬೆಯ ಮೇಲೆ ಬಾಯಾರಿದವನಿಗೆ ಹುಳಿರಸವನ್ನು ಕೊಟ್ಟುದರ ನೆನಪದು. ಊಟಕ್ಕೆ ಗಂಜಿ, ಹೆಸರುಕಾಳಿನ ಪಲ್ಯ. ಗುರುವಾರದ ಬೆಲ್ಲದ ಬೆನ್ನಿಗೆ ಶುಕ್ರವಾರದ ಕಹಿ. ಬೇವು ಬೆಲ್ಲಗಳನ್ನು ಒಂದೇ ಬೊಗಸೆಯಲ್ಲಿ ತಿನ್ನುವ ನಮಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಭಾನುವಾರದ ನಸುಕಿನಲ್ಲಿ ಪೂಜೆಯಾದ ಮೇಲೆ, ಉಬ್ಬಿದ ಹೂವಿನಂಥ ಅಪ್ಪವನ್ನೂ ಮಾಂಸದ ಸಾರನ್ನೂ ಉಂಡು ಉಪವಾಸವನ್ನು ಬಿಡುವರು. ಮೂರು ದಿನ ದೂರವಿದ್ದ ಹುಳಿಯು ಹಿಟ್ಟಿಗೆ ಮರಳುತ್ತದೆ.

ಈಸ್ಟರಿನ ಸಿಹಿಯೆಂದರೆ ನಮ್ಮ ನಗರವಾಸಿಗಳಿಗೆ ಬೇರೆಯ ಚಿತ್ರವೇ ತೋರುವುದು. ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ ೧೯೦೨ರಲ್ಲಿ ಆರಂಭವಾದ ಆಲ್ಬರ್ಟ್ ಬೇಕರಿಯಂಥ ಅಂಗಡಿಗಳಲ್ಲಿ, ಶಿಲುಬೆಯ ಗುರುತುಳ್ಳ ಬನ್ನುಗಳೂ ಸಕ್ಕರೆ ಬಾದಾಮಿಗಳ ಮೊಟ್ಟೆಗಳೂ ಆ ವಾರ ಮಾರಾಟವಾಗುವುವು. ಯೂರೋಪಿನಲ್ಲಿ ಉಪವಾಸದ ದಿನಗಳಲ್ಲಿ ತಿನ್ನದೆ ಉಳಿದ ಮೊಟ್ಟೆಗಳು ಹಬ್ಬದ ದಿನ ಬಣ್ಣ ತಾಳಿ ಬಂದುವು. ಸಕ್ಕರೆಯ ಮೊಟ್ಟೆಗಳು ಅವುಗಳ ಸಂತತಿ. ಅವೂ ಸೊಗಸಾದುವೇ. ಆದರೆ ಅವುಗಳನ್ನು ಕೊಂಡು ತರಬಹುದು. ಪೆಸಹಾದ ಅಪ್ಪವನ್ನು ಮನೆಯಲ್ಲಿಯೇ ಮಾಡತಕ್ಕದ್ದೆಂಬುದು ಕ್ರಮ.

ಆ ಕ್ರಮಕ್ಕೆ ಒಂದೇ ಅಪವಾದವುಂಟು. ನನ್ನ ಮಾತಿನ ತಿರುಳೂ ಅದೇ. ವರ್ಷದೊಳಗೆ ಮರಣವಾದ ಮನೆಯಲ್ಲಿ ಅಪ್ಪವನ್ನು ಮಾಡುವುದಿಲ್ಲ. ಅಂಥ ಮನೆಗೆ ಬಂಧುಗಳೂ ನೆರೆಯವರೂ ತಮ್ಮ ಮನೆಯ ಅಪ್ಪವನ್ನೂ ಹಾಲನ್ನೂ ತಂದುಕೊಡುವರು. ಸಾವಿನ ವರ್ಷ ಹಬ್ಬದ ಒಲೆಯನ್ನು ಹಚ್ಚದಿರುವುದೂ ನೆರೆಯವರು ಭಕ್ಷ್ಯವನ್ನು ಕಳುಹುವುದೂ ನಮ್ಮ ಹಿಂದೂ ಮನೆಗಳಲ್ಲಿಯೂ ಕಂಡುದೇ. ಹಳೆಯ ಒಡಂಬಡಿಕೆಯ ವಿಧಿಯಲ್ಲಿಯೂ ಇದಕ್ಕೆ ಹೋಲುವ ಮಾತಿದೆ: ಒಂದು ಕುರಿಮರಿಯನ್ನು ಉಂಡು ಮುಗಿಸಲಾರದಷ್ಟು ಚಿಕ್ಕ ಸಂಸಾರವು ನೆರೆಮನೆಯವರೊಡನೆ ಕೂಡಿ ಉಣತಕ್ಕದ್ದೆಂದು ಅಲ್ಲಿ ವಿಧಿಸಿದೆ.

ಈಗ ಮಲೆನಾಡಿಗೆ ಬಂದ ಮೊದಲ ಒಕ್ಕಲುಗಳನ್ನು ನೆನೆಯಿರಿ. ಮಲೆಯ ಚಳಿಜ್ವರವು ಸಂಸಾರಗಳನ್ನೇ ಬರಿದುಮಾಡುತ್ತಿದ್ದ ಸೀಮೆಯಿದು. ಸಿರಿಯನ್ ಕಥೋಲಿಕರಿಗೆ ಮಾನಂದವಾಡಿಯ ಧರ್ಮಪ್ರಾಂತ್ಯವು ೧೯೭೩ರಲ್ಲಿಯೂ, ಅದರಿಂದ ಬೇರೆಯಾಗಿ ಭದ್ರಾವತಿಯ ಧರ್ಮಪ್ರಾಂತ್ಯವು ೨೦೦೭ರಲ್ಲಿಯೂ ಸ್ಥಾಪಿತವಾದುವು. ಮೊದಲು ಬಂದವರಿಗೆ ಇಗರ್ಜಿಯು ದೂರ, ಊರು ಇನ್ನೂ ದೂರ. ಪಾದ್ರಿಯಿಲ್ಲದೆಯೂ ಅಪ್ಪವನ್ನು ಮುರಿಯಬಹುದಾಗಿತ್ತು; ಆದರೆ ಸಾವು ಕಂಡ ಮನೆಗೆ ಅದನ್ನು ತರಲು ಇನ್ನೊಂದು ಮನೆ ಇರಲೇಬೇಕಾಗಿತ್ತು. ವಲಸೆ ಬಂದವರಿಗೆ ನೆಲವು ದೊರೆತೊಡನೆ ಊರು ದೊರೆಯುವುದಿಲ್ಲ. ದುಃಖದ ವರ್ಷದಲ್ಲಿ ಬಾಗಿಲಿಗೆ ತಟ್ಟೆ ಹಿಡಿದು ಬರುವವರು ಯಾವಾಗ ದೊರೆತರೋ ಅಂದೇ ಅದು ಊರಾಯಿತು.

ಇಂದು ಈ ಸೀಮೆಯ ಎಲ್ಲ ಮತದ ಮನೆಗಳಿಂದಲೂ ಮಕ್ಕಳು ಓದಿಗೂ ಉದ್ಯೋಗಕ್ಕೂ ನಗರಗಳಿಗೆ ಹೊರಟಿದ್ದಾರೆ. ತಾಮ್ರಪಟವು ಒಡೆಯನಿಲ್ಲದೆಯೂ ಪೆಟ್ಟಿಗೆಯಲ್ಲಿ ಉಳಿದೀತು. ಅಪ್ಪವನ್ನು ಕೊಯ್ಯುವುದಕ್ಕೆ ಹಿರಿಯರು ಬೇಕು. ಕೈಯೊಡ್ಡುವುದಕ್ಕೆ ಕಿರಿಯರು ಬೇಕು. ಒಲೆ ಹಚ್ಚದ ಮನೆಯನ್ನು ಗುರುತಿಸುವುದಕ್ಕೆ ನೆರೆಯವರು ಬೇಕು. ಮುಂದಿನ ಪೆಸಹಾ ರಾತ್ರಿ ಕಡಹಿನಬೈಲಿನ ಸುತ್ತಣ ಯಾವುದಾದರೊಂದು ಅಂಗಳವನ್ನು ದಾಟಿ ದೀಪವೊಂದು ಪಕ್ಕದ ಮನೆಯ ಕಡೆಗೆ ಹೋಗುವುದನ್ನು ನೀವು ಕಂಡರೆ, ಬಹು ದೀರ್ಘವಾದ ಒಂದು ಚರಿತ್ರೆಯು ಅಲ್ಲಿ ನಡೆದುಹೋಗುತ್ತಿದೆಯೆಂದು ತಿಳಿಯಬಹುದು.