ವಿಧಿ, ಯತ್ನ ಮತ್ತು ವಾಲಿಯ ಪ್ರಶ್ನೆ

ರಾಬರ್ಟ್ ಸಪೋಲ್ಸ್ಕಿಯವರ ‘ಡಿಟರ್ಮಿನ್ಡ್’ 2023ರಲ್ಲಿ ಬಂದ ಮೇಲೆ ನಮ್ಮ ಕಡೆಯ ಉಪನ್ಯಾಸಗಳಲ್ಲೂ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯವಿಲ್ಲವೆಂದು ಮಿದುಳಿನ ವಿಜ್ಞಾನ ಸಾಧಿಸಿಬಿಟ್ಟಿದೆ, ನಮ್ಮ ಹಿರಿಯರು ಅದನ್ನೇ ಹಣೆಬರಹ ಎಂದಿದ್ದರು. ಇದರಲ್ಲಿ ಮೊದಲನೆಯ ಮಾತು ಅವಸರದ್ದು, ಎರಡನೆಯದು ತಪ್ಪು. ಹುಲೇಕಲ್ ಸೀಮೆಯಲ್ಲಿದ್ದುಕೊಂಡು ಇದನ್ನು ಒಪ್ಪುವುದಂತೂ ಸಾಧ್ಯವೇ ಇಲ್ಲ. ಇಲ್ಲಿಂದ ಹೆಚ್ಚು ದೂರವಿಲ್ಲದ ಸೋಂದಾದಲ್ಲಿ ಮೂರು ಮಠಗಳಿವೆ: ಅದ್ವೈತದ ಸ್ವರ್ಣವಲ್ಲಿ, ಮಾಧ್ವರ ವಾದಿರಾಜ ಮಠ, ದಿಗಂಬರ ಜೈನರ ಸ್ವಾದಿ ಮಠ. ಜೀವ ಕರ್ತೃವೋ ಅಲ್ಲವೋ ಎಂಬ ಪ್ರಶ್ನೆಯನ್ನು ಮೂರೂ ಪರಂಪರೆಗಳು ಎತ್ತಿಕೊಂಡವು. ಮೂರರ ಉತ್ತರವೂ ಬೇರೆ. ‘ಎಲ್ಲ ಬರೆದಿಟ್ಟದ್ದು’ ಎಂದು ಒಂದೂ ಕೈಚೆಲ್ಲಲಿಲ್ಲ.

ಹಾಗೆ ಕೈಚೆಲ್ಲಿದವರು ಇರಲಿಲ್ಲವೆಂದಲ್ಲ. ಬುದ್ಧ, ಮಹಾವೀರರ ಕಾಲದ ಮಕ್ಖಲಿ ಗೋಸಾಲ ನಿಯತಿಯೇ ಸರ್ವಸ್ವ, ಪುರುಷಯತ್ನಕ್ಕೆ ಬಲವಿಲ್ಲ ಎಂದ. ಅವನ ಆಜೀವಿಕ ಪಂಥ ದಕ್ಷಿಣದಲ್ಲಿ ಹದಿನಾಲ್ಕನೆಯ ಶತಮಾನದವರೆಗೂ ಉಳಿದಿತ್ತೆಂದು ಎ. ಎಲ್. ಬಾಷಮ್ ತೋರಿಸಿದ್ದಾರೆ. ಆಜೀವಿಕರ ಗ್ರಂಥಗಳು ಉಳಿಯಲಿಲ್ಲ. ನಮಗೆ ಸಿಕ್ಕುವುದು ಎದುರಾಳಿಗಳು ಉದ್ಧರಿಸಿದಷ್ಟೇ.

ಆ ಎದುರಾಳಿಗಳಲ್ಲಿ ಮುಖ್ಯರು ಜೈನರು. ಅವರ ಕರ್ಮ ಕಟ್ಟುತ್ತದೆ, ಆದರೆ ಕಟ್ಟು ಕಲ್ಲಿನದಲ್ಲ. ಕಟ್ಟಿದ ಕರ್ಮದ ತೀವ್ರತೆಯನ್ನು ತಗ್ಗಿಸಬಹುದು, ಒಂದು ಬಗೆಯನ್ನು ಇನ್ನೊಂದಕ್ಕೆ ಬದಲಿಸಬಹುದು, ಕಾಲಕ್ಕೆ ಮುಂಚೆಯೇ ಉದಯಕ್ಕೆ ತರಬಹುದು. ಇದೆಲ್ಲ ಜೀವನ ಯತ್ನದಿಂದಲೇ ಆಗಬೇಕು. ಕನ್ನಡದಲ್ಲಿ ಈ ವಿಚಾರ ತನ್ನ ಎತ್ತರ ಮುಟ್ಟಿದ್ದು ಜನ್ನನ ‘ಯಶೋಧರ ಚರಿತೆ’ಯಲ್ಲಿ (1209). ತಾಯಿಯ ಒತ್ತಾಯಕ್ಕೆ ಮಣಿದ ಅರಸ ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಷ್ಟಕ್ಕೇ ತಾಯಿ, ಮಗ ಇಬ್ಬರೂ ಜನ್ಮಜನ್ಮಾಂತರ ಪಶುಪಕ್ಷಿಗಳಾಗಿ ತೊಳಲುತ್ತಾರೆ. ಕೈ ಮಾಡಿದ್ದಕ್ಕಿಂತ ಮನಸ್ಸು ಸಂಕಲ್ಪಿಸಿದ್ದಕ್ಕೆ ಹೊಣೆ ಹೆಚ್ಚು ಎಂಬ ಈ ನಿಲುವು, ಸಂಕಲ್ಪ ಜೀವನದೇ ಎಂದು ಒಪ್ಪದಿದ್ದರೆ ನಿಲ್ಲುವುದಿಲ್ಲ.

ವೇದಾಂತಿಗಳ ಚರ್ಚೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ನಡೆಯುತ್ತದೆ. ಜೀವ ಕರ್ತೃವಲ್ಲವಾದರೆ ‘ಇದನ್ನು ಮಾಡು, ಅದನ್ನು ಬಿಡು’ ಎನ್ನುವ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲ ಎಂಬುದು ಅಲ್ಲಿನ ಮೊದಲ ಹೆಜ್ಜೆ. ಶಂಕರರು ಬಡಗಿಯ ದೃಷ್ಟಾಂತ ಕೊಡುತ್ತಾರೆ: ಉಳಿ, ಬಾಚಿ ಹಿಡಿದಾಗ ಅವನು ಕರ್ತೃ; ಮನೆಗೆ ಬಂದು ಅವನ್ನು ಕೆಳಗಿಟ್ಟರೆ ನಿರಾಳ. ದೇಹೇಂದ್ರಿಯಗಳ ಜೊತೆಗಿರುವಷ್ಟು ಕಾಲ ಕರ್ತೃತ್ವವಿದೆ, ಸ್ವರೂಪದಲ್ಲಿಲ್ಲ. ಮಧ್ವರು (1238–1317) ತತ್ತ್ವವನ್ನೇ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ಸೀಳಿ, ವಿಷ್ಣುವೊಬ್ಬನೇ ಸ್ವತಂತ್ರ ಎಂದರು. ಇಷ್ಟನ್ನೇ ಓದಿ ಮಾಧ್ವಮತವೆಂದರೆ ವಿಧಿವಾದ ಎಂದು ಬರೆಯುವವರು ಮುಂದಿನ ಸಾಲನ್ನು ನೋಡುವುದಿಲ್ಲ. ಜೀವನ ಕರ್ತೃತ್ವ ಪರಾಧೀನ ಹೌದು, ಆದರೆ ನಿಜವಾದದ್ದು. ಜೀವ ಮಾಡಿದ ಪ್ರಯತ್ನವನ್ನು ನೋಡಿಯೇ ಈಶ್ವರ ಮಾಡಿಸುತ್ತಾನೆ. ಮಾನ್ವಿಯ ಜಗನ್ನಾಥದಾಸರು (1728–1809) ‘ಹರಿಕಥಾಮೃತಸಾರ’ದಲ್ಲಿ ‘ದತ್ತ ಸ್ವಾತಂತ್ರ್ಯ’ಕ್ಕೆ ಒಂದು ಇಡೀ ಸಂಧಿಯನ್ನೇ ಮೀಸಲಿಟ್ಟರು. ಜೀವರ ಯೋಗ್ಯತೆ ಅನಾದಿ ಎನ್ನುವ ಮಾಧ್ವ ಸಿದ್ಧಾಂತದಲ್ಲಿ ಈ ಕೊಟ್ಟ ಸ್ವಾತಂತ್ರ್ಯಕ್ಕೆ ಎಷ್ಟು ಜಾಗ ಉಳಿಯುತ್ತದೆ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಮೋಕ್ಷಕ್ಕೆ ಅರ್ಹರಲ್ಲದ ಅಭವ್ಯ ಜೀವರನ್ನು ಒಪ್ಪುವ ಜೈನರಿಗೂ ಅದೇ ಆಕ್ಷೇಪ ತಗಲುತ್ತದೆ. ಸೋಂದಾದ ನೆರೆಹೊರೆಯ ಎರಡು ಮಠಗಳ ಶಾಸ್ತ್ರಗಳನ್ನು ಈ ಒಂದು ಗಂಟಿನ ಮೇಲೆ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರಾದರೂ ಕೈಗೆತ್ತಿಕೊಳ್ಳಬೇಕು.

ಆಧುನಿಕ ಕಾಲದಲ್ಲಿ ಎಂ. ಹಿರಿಯಣ್ಣನವರು ಮೈಸೂರಿನಲ್ಲಿ ಕುಳಿತು ಬರೆದ 1932ರ ಭಾರತೀಯ ತತ್ತ್ವಶಾಸ್ತ್ರದ ಗ್ರಂಥದಲ್ಲಿ ಕರ್ಮಕ್ಕೆ ಎರಡು ಪರಿಣಾಮಗಳನ್ನು ಬಿಡಿಸಿ ತೋರಿಸಿದರು: ಒಂದು ಫಲ, ಇನ್ನೊಂದು ಸಂಸ್ಕಾರ. ಫಲವನ್ನು ತಪ್ಪಿಸಲಾಗದು, ಸಂಸ್ಕಾರವನ್ನು ತಿದ್ದುವುದು ನಮ್ಮ ಕೈಯಲ್ಲೇ ಇದೆ. ಕರ್ಮಸಿದ್ಧಾಂತವೆಂದರೆ ವಿಧಿವಾದ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರವನ್ನು ನಾನು ಓದಿಲ್ಲ. ಡಿ.ವಿ.ಜಿ.ಯವರ ಗೀತಾವ್ಯಾಖ್ಯಾನವೂ ದೈವ, ಪೌರುಷ ಎರಡನ್ನೂ ಕೈಬಿಡದೆ ನಡೆಯುತ್ತದೆ.

ನಮ್ಮ ತಲೆಮಾರಿಗೆ ಈ ಪ್ರಶ್ನೆ ಎರಡು ದಾರಿಯಲ್ಲಿ ಬಂತು. ಒಂದು ನವ್ಯರದು. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರ ‘ಯಯಾತಿ’ (1961) ಆಯ್ಕೆ, ಹೊಣೆ ಎಂಬ ಅಸ್ತಿತ್ವವಾದಿ ಪ್ರಶ್ನೆಗಳನ್ನು ಪುರಾಣದ ಮನೆಯೊಳಗೇ ತಂದಿತು. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಪ್ರಾಣೇಶಾಚಾರ್ಯ ಕೇಳಿಕೊಳ್ಳುವುದೂ ಅದನ್ನೇ: ಕತ್ತಲಲ್ಲಿ ನಡೆದದ್ದು ತಾನು ಮಾಡಿದ್ದೋ, ತನಗೆ ಆದದ್ದೋ? ಆದದ್ದಾದರೂ ಸರಿ, ಅದನ್ನು ತನ್ನದೆಂದು ಒಪ್ಪಿಕೊಂಡಾಗ ಮಾತ್ರ ತಾನು ಸ್ವತಂತ್ರ ಎನ್ನುವತ್ತ ಅವನು ಸರಿಯುತ್ತಾನೆ. ಇವನ್ನು ಸಾರ್ತ್ರ್‌ನ ಎರವಲು ಎಂದು ತಳ್ಳಿಹಾಕಿದ ವಿಮರ್ಶಕರಿದ್ದರು. ಜನ್ನನನ್ನು ಓದಿದವರು ಹಾಗೆನ್ನಲಾರರು. ಕಾರ್ನಾಡರಂತೂ ‘ಹಿಟ್ಟಿನ ಹುಂಜ’ದಲ್ಲಿ (1980) ನೇರವಾಗಿ ಜನ್ನನ ಕಥೆಗೇ ಬಂದರು.

ಇನ್ನೊಂದು ದಾರಿ ತಾಳಮದ್ದಳೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಊರುಗಳಲ್ಲಿ ಇಚ್ಛಾಸ್ವಾತಂತ್ರ್ಯದ ಚರ್ಚೆ ಬಹಿರಂಗವಾಗಿ, ಎದುರೆದುರು ಕೂತು, ಜನರ ಮುಂದೆ ನಡೆದದ್ದು ಇಲ್ಲಿಯೇ. ವಾಲಿವಧೆಯನ್ನೇ ನೋಡಿ. ಬಾಣ ನೆಟ್ಟು ಬಿದ್ದ ವಾಲಿ ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಯಾವ ನ್ಯಾಯ? ರಾಮನಿಗೆ ಎರಡು ಸಮರ್ಥನೆಗಳಿವೆ. ನೀನು ಕಪಿ, ಮೃಗವನ್ನು ಮರೆಯಿಂದ ಹೊಡೆಯುವುದು ಬೇಟೆಯ ಪದ್ಧತಿ. ನೀನು ತಮ್ಮನ ಹೆಂಡತಿಯನ್ನು ಸೆಳೆದುಕೊಂಡೆ, ಅದಕ್ಕೆ ದಂಡನೆ. ಪಳಗಿದ ಅರ್ಥಧಾರಿ ಇವೆರಡನ್ನೂ ಒಟ್ಟಿಗೆ ಬಿಡುವುದಿಲ್ಲ. ನಾನು ಸ್ವಭಾವಕ್ಕೆ ಕಟ್ಟುಬಿದ್ದ ಮೃಗವಾದರೆ ನನಗೆ ಧರ್ಮವಿಲ್ಲ, ದಂಡನೆ ಹೇಗೆ? ಧರ್ಮಾಧರ್ಮ ಆಯ್ದುಕೊಳ್ಳುವ ಶಕ್ತಿ ನನಗಿದ್ದರೆ ನಾನು ಮೃಗವಲ್ಲ, ಬೇಟೆ ಹೇಗೆ? ಇವತ್ತಿನ ನ್ಯಾಯಾಲಯಗಳಲ್ಲಿ ಮಿದುಳಿನ ವಿಜ್ಞಾನ ಎಬ್ಬಿಸಿರುವ ಹೊಣೆಗಾರಿಕೆಯ ವಾದ ಇದಕ್ಕಿಂತ ಹೆಚ್ಚೇನೂ ಮುಂದೆ ಹೋಗಿಲ್ಲ. ಇದಿರು ಕೂತವರಿಗೆ ಉಸಿರುಬಿಡಲು ಬಿಡದಂತೆ ವಾಲಿಯ ಅರ್ಥ ಹೇಳಿದವರು ಶೇಣಿ ಗೋಪಾಲಕೃಷ್ಣ ಭಟ್ಟರು (1918–2006). ಪ್ರಸಂಗದ ಕೊನೆ ಮೊದಲೇ ಗೊತ್ತು. ವಾಲಿ ಸಾಯಲೇಬೇಕು, ಭಾಗವತರ ಪದ್ಯ ಅದನ್ನು ಮೀರಗೊಡುವುದಿಲ್ಲ. ಎರಡು ಪದ್ಯಗಳ ನಡುವೆ ಏನು ಹೇಳಬೇಕೆಂಬುದು ಮಾತ್ರ ಪೂರ್ತಿ ಅರ್ಥಧಾರಿಗೆ ಸೇರಿದ್ದು. ಸಿದ್ದಾಪುರ ತಾಲ್ಲೂಕಿನ ದಂಟ್ಕಲ್‌ನ ಎಂ. ಎ. ಹೆಗಡೆಯವರು ಯಕ್ಷಗಾನ, ವೇದಾಂತ ಎರಡರಲ್ಲೂ ಆಳವಾಗಿ ಇಳಿದವರು. ಯಕ್ಷಗಾನ ಅಕಾಡೆಮಿಯ ಅಧ್ಯಕ್ಷರಾಗಿದ್ದಾಗಲೇ 2021ರಲ್ಲಿ ತೀರಿಕೊಂಡರು. ಈ ಎರಡು ಲೋಕಗಳನ್ನು ಒಂದೇ ಉಸಿರಿನಲ್ಲಿ ಓದಬಲ್ಲವರು ಈಗ ಬೆರಳೆಣಿಕೆಯಷ್ಟು.

ವಿಜ್ಞಾನಕ್ಕೆ ಬಂದರೆ, ಎಲ್ಲರೂ ಉದಾಹರಿಸುವುದು ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗ. ಮಣಿಕಟ್ಟು ಆಡಿಸಬೇಕೆಂಬ ಇಚ್ಛೆ ಅರಿವಿಗೆ ಬರುವ ಸುಮಾರು 350 ಮಿಲಿಸೆಕೆಂಡು ಮೊದಲೇ ಮಿದುಳಿನಲ್ಲಿ ಸಿದ್ಧತೆಯ ಸಂಕೇತ ಏಳುತ್ತದೆ ಎಂಬುದು ಅದರ ಸಾರ. ಕೊನೆಯ ಕ್ಷಣದಲ್ಲಿ ಬೇಡವೆನ್ನುವ ಶಕ್ತಿ ಉಳಿದೇ ಇರುತ್ತದೆಂದು ಸ್ವತಃ ಲಿಬೆಟ್ ನಂಬಿದ್ದರು. 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ಆ ಸಂಕೇತ ತೀರ್ಮಾನವೇ ಅಲ್ಲ, ಮಿದುಳಿನ ಸಹಜ ಏರಿಳಿತಗಳು ಕೂಡಿ ಮಿತಿ ಮುಟ್ಟುವ ಕ್ರಿಯೆಯಿರಬಹುದು ಎಂದು ತೋರಿಸಿದರು. ಕಾರಣವಿಲ್ಲದೆ ಮಡಚುವ ಮಣಿಕಟ್ಟಿಗೂ ಯಶೋಧರನ ಕತ್ತಿಗೂ ಇರುವ ಅಂತರ ದೊಡ್ಡದು ಎಂಬುದು ನನ್ನ ಆಕ್ಷೇಪ.

ಈ ಇಡೀ ಚರಿತ್ರೆಯಲ್ಲಿ ಒಂದು ಕೊರತೆ ನನ್ನನ್ನು ಬಹಳ ಕಾಡುತ್ತದೆ. ಸ್ವಾತಂತ್ರ್ಯವಿದೆಯೋ ಇಲ್ಲವೋ ಎಂದು ವಾದಿಸಿದವರೆಲ್ಲ ಯತಿಗಳು, ಅರಸರು, ಆಚಾರ್ಯರು, ಅಡಿಕೆ ತೋಟದ ಒಡೆಯರು. ‘ಯಯಾತಿ’ಯಲ್ಲಿ ಪೂರು ತಂದೆಯ ಮುಪ್ಪನ್ನು ತಾನಾಗಿ ಆರಿಸಿಕೊಳ್ಳುತ್ತಾನೆ, ಅವನ ಹೆಂಡತಿ ಚಿತ್ರಲೇಖೆಯನ್ನು ಯಾರೂ ಕೇಳಲಿಲ್ಲ, ಅವಳಿಗೆ ಉಳಿದದ್ದು ವಿಷ. ವಾಲಿವಧೆಯ ವಾದ ರಾತ್ರಿಯಿಡೀ ನಡೆಯುತ್ತದೆ. ಇಬ್ಬರು ಅಣ್ಣತಮ್ಮಂದಿರ ನಡುವೆ ಕೈ ಬದಲಾದ ರುಮೆಗೆ ಅಲ್ಲಿ ಅರ್ಥವೇ ಇಲ್ಲ. ಹೆಂಗಸರೇ ಸೇರಿ ನಡೆಸುವ ತಾಳಮದ್ದಳೆಗಳು ಈಗ ನಮ್ಮ ಜಿಲ್ಲೆಯಲ್ಲಿವೆ. ರುಮೆಯನ್ನು ಮಾತಿಗೆ ಕೂರಿಸುವ ಪದ್ಯಗಳನ್ನು ಯಾರಾದರೂ ಬರೆದುಕೊಟ್ಟರೆ ಈ ಚರ್ಚೆಗೆ ಇದುವರೆಗೆ ಸಿಗದ ಪ್ರತಿವಾದಿ ಸಿಕ್ಕುತ್ತಾಳೆ. ಹಳೆಯ ಕೂಟಗಳ ಧ್ವನಿಮುದ್ರಣಗಳನ್ನು ಬರಹಕ್ಕಿಳಿಸುವ ಕೆಲಸವೂ ಜೊತೆಗೇ ಆಗಬೇಕು. ಕ್ಯಾಸೆಟ್ಟುಗಳು ನಮ್ಮ ಮಳೆಗಾಲಗಳನ್ನು ಬಹಳ ದಿನ ತಾಳುವುದಿಲ್ಲ.