ಆಂಥನಿ ಚೈಲ್ಡ್ ಮತ್ತು ಬರ್ಮಿಂಗ್‌ಹ್ಯಾಮ್‌ನ ಟೆಕ್ನೊ

ಹಾಡುಗಾರಿಕೆಯನ್ನು ಬಹುಮಟ್ಟಿಗೆ ಕೈಬಿಟ್ಟು, ಡ್ರಮ್ ಮಷಿನ್ ಮತ್ತು ಸಿಂಥಸೈಜರ್‌ಗಳ ಎಡೆಬಿಡದ ಬಡಿತವನ್ನೇ ಆಧಾರವಾಗಿಸಿಕೊಂಡ ಟೆಕ್ನೊ ಎಂಬ ನೃತ್ಯಸಂಗೀತವು 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹ್ವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮೊದಲಾದ ಕಪ್ಪು ಸಂಗೀತಗಾರರ ಕೈಯಲ್ಲಿ ರೂಪುಗೊಂಡಿತು. ಆ ಹೆಸರು ಯುರೋಪಿನಲ್ಲಿ ನೆಲೆಯೂರಲು ಕಾರಣವಾದ 1988ರ ಸಂಕಲನವನ್ನು ಸಂಯೋಜಿಸಿದವರು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಪ್ರದೇಶದ ನೀಲ್ ರಷ್ಟನ್. ಅದೇ ಪ್ರದೇಶದ ದೊಡ್ಡ ನಗರವಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಮುಂದಿನ ದಶಕದಲ್ಲಿ ಬೆಳೆದ ಟೆಕ್ನೊ ಡೆಟ್ರಾಯಿಟ್‌ನದಕ್ಕಿಂತ ಒರಟಾಗಿತ್ತು, ರಾಗದ ಅಂಶವನ್ನು ಇನ್ನಷ್ಟು ಕಳಚಿಕೊಂಡಿತ್ತು.

ಈ ಒರಟುತನಕ್ಕೆ ನಗರದ ಲೋಹದ ಕಾರ್ಖಾನೆಗಳ ಸದ್ದೇ ಕಾರಣವೆಂದು ಹೇಳುವುದು ರೂಢಿಯಾಗಿದೆ. ಹೆವಿ ಮೆಟಲ್ ಸಂಗೀತದ ಮೂಲಪುರುಷರಾದ ಬ್ಲ್ಯಾಕ್ ಸ್ಯಾಬತ್ ತಂಡ ಹುಟ್ಟಿದ್ದು ಇಲ್ಲಿಯೇ. ಅದರ ಗಿಟಾರ್ ವಾದಕ ಟೋನಿ ಅಯೋಮಿ ಬೆರಳ ತುದಿಗಳನ್ನು ಕಳೆದುಕೊಂಡದ್ದು ತಗಡಿನ ಕಾರ್ಖಾನೆಯೊಂದರಲ್ಲಿ. ಆದರೆ ಟೆಕ್ನೊದ ಮಟ್ಟಿಗೆ ಈ ವಿವರಣೆ ಅರ್ಧಸತ್ಯ. ಸಂಗೀತಗಾರರೇ ನಡೆಸಿದ ಸಣ್ಣ ಲೇಬಲ್‌ಗಳು, ಅಂದರೆ ಧ್ವನಿಮುದ್ರಿಕೆಗಳನ್ನು ಅಚ್ಚು ಹಾಕಿಸಿ ಮಾರುಕಟ್ಟೆಗೆ ಬಿಡುವ ಸಂಸ್ಥೆಗಳು, ಈ ಸಂಗೀತದ ಸ್ವರೂಪವನ್ನು ಕಾರ್ಖಾನೆಗಳಿಗಿಂತ ಹೆಚ್ಚು ನೇರವಾಗಿ ತಿದ್ದಿದವು. ಸರ್ಜನ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಆಂಥನಿ ಚೈಲ್ಡ್ ಅವರ ವೃತ್ತಿಜೀವನವೇ ಇದಕ್ಕೆ ಸಾಕ್ಷಿ.

1971ರಲ್ಲಿ ನಾರ್ಥಾಂಪ್ಟನ್‌ಶೈರ್‌ನಲ್ಲಿ ಹುಟ್ಟಿ ಬರ್ಮಿಂಗ್‌ಹ್ಯಾಮ್‌ಗೆ ಬಂದು ನೆಲೆಸಿದ ಚೈಲ್ಡ್, 1993ರಲ್ಲಿ ಆರಂಭವಾದ ಹೌಸ್ ಆಫ್ ಗಾಡ್ ಎಂಬ ನೃತ್ಯಕೂಟದ ಖಾಯಂ ಡಿಜೆ ಆದರು. ಅದೇ ವರ್ಷ ಕಾರ್ಲ್ ಓಕಾನರ್, ಅಂದರೆ ರೆಜಿಸ್, ಡೌನ್‌ವರ್ಡ್ಸ್ ಲೇಬಲ್ ಸ್ಥಾಪಿಸಿದರು. ನೇಪಾಮ್ ಡೆತ್ ತಂಡದಲ್ಲಿ ಡ್ರಮ್ ಬಾರಿಸಿದ್ದ ಮಿಕ್ ಹ್ಯಾರಿಸ್ ಅವರ ನೆರವಿನಿಂದ ರೂಪುಗೊಂಡ ಚೈಲ್ಡ್ ಅವರ ಮೊದಲ ಮುದ್ರಿಕೆಯನ್ನು 1994ರಲ್ಲಿ ಹೊರತಂದದ್ದು ಈ ಲೇಬಲ್ಲೇ.

ಆ ಕಾಲದ ಟೆಕ್ನೊ ಮುದ್ರಿಕೆ ಸಾಮಾನ್ಯವಾಗಿ 12 ಅಂಗುಲದ ವಿನೈಲ್ ತಟ್ಟೆಯಾಗಿರುತ್ತಿತ್ತು. ಮಂದ್ರಸ್ವರ ಗಟ್ಟಿಯಾಗಿ ಕೇಳಬೇಕಾದರೆ ಗೆರೆಗಳು ಅಗಲವಾಗಿ ಓಲಾಡಬೇಕಾಗುವುದರಿಂದ, ಒಂದು ಬದಿಗೆ ಒಂದೋ ಎರಡೋ ರಚನೆಗಳನ್ನು ಮಾತ್ರ ಕೊರೆದು ಗೆರೆಗಳ ನಡುವೆ ಧಾರಾಳವಾಗಿ ಜಾಗ ಬಿಡುತ್ತಿದ್ದರು. ಎರಡು ಟರ್ನ್‌ಟೇಬಲ್‌ಗಳ ವೇಗವನ್ನು ಹೊಂದಿಸಿ, ಒಂದು ತಟ್ಟೆ ಮುಗಿಯುವ ಮೊದಲೇ ಇನ್ನೊಂದನ್ನು ಬೆರೆಸುವ ಡಿಜೆಗೆ ಅನುಕೂಲವಾಗಲೆಂದು ರಚನೆಯ ಆದಿ ಅಂತ್ಯಗಳಲ್ಲಿ ಬರಿಯ ಬಡಿತವನ್ನೇ ಉಳಿಸಲಾಗುತ್ತಿತ್ತು. ಆದ್ದರಿಂದ ಚೈಲ್ಡ್ ಅವರ ರಚನೆಗಳಲ್ಲಿ ಕಾಣುವ ಮಿತವ್ಯಯವನ್ನು ಅವರ ಅಭಿರುಚಿಯ ಜೊತೆಗೆ ಈ ಕಸುಬಿನ ಅಗತ್ಯವಾಗಿಯೂ ಓದಬೇಕು: ನುಡಿಸುವವನೂ ರಚಿಸುವವನೂ ಒಬ್ಬನೇ ಆದಾಗ ಯಾವುದನ್ನು ಬಿಡಬೇಕೆಂಬುದು ನೃತ್ಯಶಾಲೆಯಲ್ಲೇ ತೀರ್ಮಾನವಾಗುತ್ತದೆ.

ಬರ್ಲಿನ್ ಗೋಡೆ ಬಿದ್ದ ಬಳಿಕ, 1991ರಲ್ಲಿ, ಹಳೆಯ ವೆರ್ಟ್‌ಹೈಮ್ ಮಳಿಗೆಯ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ ತೆರೆದ ಟ್ರೆಜೋರ್ ಕ್ಲಬ್ ತನ್ನದೇ ಲೇಬಲ್ಲನ್ನೂ ನಡೆಸುತ್ತಿತ್ತು. 1997ರಿಂದ 1999ರವರೆಗೆ ಬೇಸಿಕ್‌ಟೋನಲ್‌ವೊಕ್ಯಾಬುಲರಿ, ಬ್ಯಾಲೆನ್ಸ್, ಫೋರ್ಸ್ ಪ್ಲಸ್ ಫಾರ್ಮ್ ಎಂಬ ಮೂರು ಆಲ್ಬಮ್‌ಗಳು ಅಲ್ಲಿಂದ ಹೊರಬಂದು ಚೈಲ್ಡ್ ಅವರಿಗೆ ಯುರೋಪಿನಾದ್ಯಂತ ಹೆಸರು ತಂದವು. ಈ ಪೈಕಿ ಕೊನೆಯದು, ಬಿಡಿ ರಚನೆಗಳ ಗಡಿ ದಾಟಿ ದೀರ್ಘ ಕಟ್ಟಡವೊಂದನ್ನು ಕಟ್ಟುವ ಧೈರ್ಯದಿಂದಾಗಿ, ಮೂರರಲ್ಲೂ ಶ್ರೇಷ್ಠವೆನ್ನಬೇಕು.

ಇಷ್ಟು ಮನ್ನಣೆ ದೊರೆತರೂ ಅವರು ಅನ್ಯರ ಲೇಬಲ್‌ಗಳನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಡೈನಾಮಿಕ್ ಟೆನ್ಷನ್ ಮತ್ತು ಕೌಂಟರ್‌ಬ್ಯಾಲೆನ್ಸ್ ಎಂಬ ತಮ್ಮವೇ ಎರಡು ಲೇಬಲ್‌ಗಳನ್ನು ಸ್ಥಾಪಿಸಿ, ಏನನ್ನು, ಯಾವಾಗ, ಯಾವ ರೂಪದಲ್ಲಿ ಪ್ರಕಟಿಸಬೇಕೆಂಬ ನಿರ್ಧಾರವನ್ನು ತಮ್ಮಲ್ಲೇ ಇರಿಸಿಕೊಂಡರು. ಈ ಸ್ವಾತಂತ್ರ್ಯದ ಫಲ ನಂತರದ ಕೃತಿಗಳಲ್ಲಿ ಸ್ಪಷ್ಟವಾಗಿದೆ. ನೃತ್ಯದ ಕಟ್ಟುಪಾಡಿನಿಂದ ಸರಿದು ನಿಂತ 2011ರ ಬ್ರೇಕಿಂಗ್ ದ ಫ್ರೇಮ್ ಆಲ್ಬಮ್ಮೂ, ಟಿಬೆಟಿನ ಬಾರ್ಡೊ ಥೋಡೊಲ್ ಗ್ರಂಥದ ಓದಿನಿಂದ ಪ್ರೇರಣೆ ಪಡೆದ 2018ರ ಲ್ಯೂಮಿನಾಸಿಟಿ ಡಿವೈಸ್ ಕೃತಿಯೂ ಡೈನಾಮಿಕ್ ಟೆನ್ಷನ್‌ನಿಂದಲೇ ಬಂದವು. 2023ರಲ್ಲಿ ಅವರು ಕ್ರ್ಯಾಶ್ ರಿಕಾಯಿಲ್ ಆಲ್ಬಮ್ಮಿನೊಂದಿಗೆ ಮತ್ತೆ ಟ್ರೆಜೋರ್‌ಗೆ ಮರಳಿದರು. ವೇದಿಕೆಯ ಮೇಲೆ ಯಂತ್ರಗಳನ್ನು ನೇರವಾಗಿ ನುಡಿಸುತ್ತ ರೂಢಿಸಿಕೊಂಡ ಕ್ರಮವನ್ನೇ ಅದರ ರಚನೆಯಲ್ಲೂ ಅನುಸರಿಸಿದರು.